ದನಿ ಎತ್ತದ ಖಳನಾಯಕಿ

"ವಿಲನ್ ಅಂದ್ರೆ ಆ ದಪ್ಪ ಮೀಸೆಯವನೇ ಕಣ್ರೀ. ಬಾಗಿಲಲ್ಲಿ ಬಂದು ನಿಂತ್ರೆ ಸಾಕು, ಕೋಣೆಯ ಬೆಳಕೇ ಹೆದರಿ ಓಡಿಹೋಗತ್ತೆ," ಅಂದ ಸೌಂಡ್ ಇಂಜಿನಿಯರ್.

ಡಬ್ಬಿಂಗ್ ಸ್ಟುಡಿಯೋದಲ್ಲಿ ಹಳೆಯ ಕಪ್ಪು-ಬಿಳುಪು ಕ್ರೈಮ್ ಚಿತ್ರಗಳಿಗೆ ಕನ್ನಡದ ಧ್ವನಿ ಕೂಡಿಸುವ ಕೆಲಸ ನಡೆದಿತ್ತು. ಗಾಜಿನ ಆಚೆ, ಮೈಕಿನ ಮುಂದಿದ್ದವಳು ಮೂಗು ಮುರಿದಳು. ಅಳುವ ತಾಯಂದಿರಿಗೇ ದನಿ ಕೊಟ್ಟು ಕೊಟ್ಟು ಅವಳಿಗೆ 'ಕಣ್ಣೀರಕ್ಕ' ಎಂಬ ಹೆಸರು ಅಂಟಿಕೊಂಡಿತ್ತು. ಹಾಗೆ ಕರೆಯದವನು ಈ ಇಂಜಿನಿಯರ್ ಒಬ್ಬನೇ.

"ನಿಮ್ಮ ಮೀಸೆಯವನದು ಬರೀ ಸದ್ದು. ಆ ಸಣಕಲು ವಕೀಲನ್ನ ನೋಡಿ. ನಿಧಾನಕ್ಕೆ ಕೈಗವಸು ಬಿಚ್ಚುತ್ತಾ 'ಕೂತ್ಕೊಳ್ಳಿ' ಅಂತಾನಲ್ಲ, ಬೆನ್ನಲ್ಲಿ ಚಳಿ ಹುಟ್ಟತ್ತೆ. ದನಿ ಎತ್ತದೆ ಹೆದರಿಸೋನೇ ದೊಡ್ಡ ನಟ."

"ನೀವು ಮಾಡಿ ತೋರಿಸ್ತೀರಾ ಹಾಗೆ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಮುಖ ಊದಿಸಿಕೊಂಡು ಹೆಡ್‌ಫೋನ್ ಏರಿಸಿದಳು.

ಅವನು ತನ್ನ ಕಡೆಯ ಮೈಕ್ ಆರಿಸುವುದನ್ನು ಮರೆತಿದ್ದ. ಪಕ್ಕದಲ್ಲಿ ಕೂತಿದ್ದ ನಿರ್ದೇಶಕರ ಜೊತೆ ಆಡಿದ ಮಾತೆಲ್ಲ ಅವಳ ಕಿವಿಗೆ ಬಿತ್ತು.

"ಗಂಡನಿಗೆ ವಿಷ ಹಾಕೋ ಹೆಂಗಸಿನ ಪಾತ್ರ ಇವರಿಗೆ ಕೊಡಿ ಸರ್."

"ಕಣ್ಣೀರಕ್ಕನಿಗಾ? ತಲೆ ಕೆಟ್ಟಿದೆಯೇನಯ್ಯಾ?"

"ಒಂದೇ ಟೇಕ್ ಕೇಳಿ. ಇಷ್ಟ ಆಗದಿದ್ರೆ ಮತ್ತೆ ಬಾಯಿ ಬಿಡಲ್ಲ. ಆ ಗಂಟಲಲ್ಲಿ ಏನಿದೆ ಅಂತ ದಿನಾ ಕೇಳೋ ನನಗೆ ಗೊತ್ತು ಸರ್."

ಅವಳ ಕಿವಿ ಕೆಂಪಾಯಿತು. ಕಣ್ಣೆತ್ತಿ ನೋಡಿದಳು. ಸಿಕ್ಕಿಬಿದ್ದವನಂತೆ ಅವನು ಬಟನ್‌ಗಳ ಮೇಲೆ ಬಗ್ಗಿಬಿಟ್ಟ.

ಪರದೆಯ ಮೇಲೆ ಚೆಲುವೆಯೊಬ್ಬಳು ಗಂಡನ ಕೈಗೆ ಗ್ಲಾಸು ಕೊಟ್ಟಳು. ಇವಳು ಮೈಕಿಗೆ ಇನ್ನಷ್ಟು ಹತ್ತಿರ ಬಂದಳು. ಅಳಲಿಲ್ಲ, ಗದರಲಿಲ್ಲ. ಮಗುವಿಗೆ ಹೊದಿಕೆ ಹೊದಿಸುವಷ್ಟು ಮೆತ್ತಗೆ ಹೇಳಿದಳು:

"ಕುಡೀರಿ. ನಾನಿದ್ದೀನಲ್ಲ."

ನಿರ್ದೇಶಕರು ತುಟಿಗೆ ತಂದಿದ್ದ ಕಾಫಿ ಕಪ್ಪನ್ನು ಹಾಗೇ ಕೆಳಗಿಟ್ಟರು. "ಅಯ್ಯಪ್ಪಾ! ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ತಾಯಿ? ಪಾತ್ರ ನಿಮ್ಮದೇ. ಟೈಟಲ್‌ನಲ್ಲಿ ನಿಮ್ಮ ಹೆಸರೇ ಮೊದಲು!"

ಸ್ಟುಡಿಯೋದವರ ಚಪ್ಪಾಳೆಯ ನಡುವೆ ಅವನು ಬಾಗಿಲು ತಳ್ಳಿಕೊಂಡು ಬಂದ.

"ಒಪ್ಪಿದೆ. ಮೀಸೆಯವನು ಸೋತ."

"ನೀವು?"

"ನಾನು ಸೋತು ಎರಡು ವರ್ಷ ಆಯ್ತು. ಹೇಳೋಕೆ ಧೈರ್ಯ ಇರಲಿಲ್ಲ."

"ನನ್ನ ಪರವಾಗಿ ವಾದ ಮಾಡೋಕೆ ಮಾತ್ರ ಇತ್ತಾ?"

"ಅದು ಸುಲಭ ಕಣ್ರೀ. ಅದರಲ್ಲಿ ನೀವು 'ಇಲ್ಲ' ಅನ್ನೋ ಭಯ ಇರಲಿಲ್ಲ."

"ನಾನು 'ಇಲ್ಲ' ಅಂತೀನಿ ಅಂತ ನಿಮಗೆ ಹೇಳಿದ್ಯಾರು?"

ಅವಳು ಎಲ್ಲರ ಎದುರಿಗೇ ಅವನ ಕೈ ಹಿಡಿದಳು.

"ಸರ್, ನಮಗೆ ಅರ್ಧ ಗಂಟೆ ಬ್ರೇಕ್ ಬೇಕು," ಅಂದಳು. ಅನುಮತಿಗೆ ಕಾಯದೆ, ಅವನನ್ನು ಎಳೆದುಕೊಂಡು ಮಧ್ಯಾಹ್ನದ ಬಿಸಿಲಿಗೆ ನಡೆದೇಬಿಟ್ಟಳು.