ಪಾತ್ರೆ ಇಲ್ಲದ ಮುಚ್ಚಳ

“ಮಾರಾಲ್! ನನ್ನ ಮುಚ್ಚಳ ಎಲ್ಲೇ?”

ಅಡುಗೆಮನೆಯಿಂದ ಅಜ್ಜಿ ನೇನೆಯ ಕೂಗು ಬಂತು. ಮಾರಾಲ್ ಬಾಗಿಲ ಬಳಿ ಕಂಬದ ಹಾಗೆ ನಿಂತಿದ್ದಳು. ತಾಮ್ರದ ಆ ಮುಚ್ಚಳ ಅವಳ ಶರ್ಟಿನ ಒಳಗೇ, ಹೊಟ್ಟೆಯ ಮೇಲೆ ತಣ್ಣಗೆ ಕೂತಿತ್ತು.

“ನಂಗೇನು ಗೊತ್ತು ನೇನೆ!”

ಅವಳಾದರೂ ಏನು ಮಾಡಿಯಾಳು? ಇಂದು ಚರ್ಚಿನಲ್ಲಿ ಹಬ್ಬ. ಅಂಗಳದಲ್ಲಿ ಗೋಧಿ, ಕೋಳಿ ಹಾಕಿ ಹರೀಸಾ ಬೇಯಿಸುತ್ತಾರೆ. ಬುರ್ಜ್ ಹಮ್ಮೂದ್ ಬಡಾವಣೆಯ ಜನರೆಲ್ಲ ಮನೆಯಿಂದ ಪಾತ್ರೆ ತಂದು ಸಾಲು ನಿಲ್ಲುತ್ತಾರೆ. ನೇನೆ ಮಾತ್ರ ಮುಚ್ಚಳ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಾಳೆ. ಕಂಡಕಂಡವರ ಪಾತ್ರೆಯ ಮೇಲೆ ಅದನ್ನಿಟ್ಟು ನೋಡುತ್ತಾಳೆ.

“ಊಹೂಂ, ದೊಡ್ಡದಾಯ್ತು. ಇದು ಚಿಕ್ಕದು. ನಿಮ್ದು ತಾಮ್ರದ್ದೇ ಅಲ್ವಲ್ಲಮ್ಮ!”

ಕಳೆದ ವರ್ಷ ಪಾದ್ರಿಗಳ ಪಾತ್ರೆಯನ್ನೂ ಬಿಡಲಿಲ್ಲ. ಅಂದಿನಿಂದ ಕ್ಲಾಸಿನ ಗರೀನ್ ಮಾರಾಲಳನ್ನು “ಮುಚ್ಚಳದ ಮೊಮ್ಮಗಳು” ಎಂದೇ ಕರೆಯುವುದು.

ಶೂ ಲೇಸ್ ಕಟ್ಟಲು ಮಾರಾಲ್ ಬಗ್ಗಿದಳು. ಠಣ್!

ಮುಚ್ಚಳ ಜಾರಿ, ಉರುಳುರುಳಿ, ಸೀದಾ ನೇನೆಯ ಕಾಲ ಬಳಿ ಹೋಗಿ ಬಿತ್ತು.

“ಓಹೋ, ಮುಚ್ಚಳಕ್ಕೆ ಕಾಲು ಬಂತು!” ಎಂದಳು ನೇನೆ.

“ಎಲ್ರೂ ನಗ್ತಾರೆ ನೇನೆ! ಪಾತ್ರೆ ಕಳೆದುಹೋಗಿದ್ರೆ ಬೇರೆ ತಗೋಬಾರ್ದಾ?” ಮಾರಾಲಳಿಗೆ ಅಳುವೇ ಬಂತು.

ನೇನೆ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಮುಚ್ಚಳ ಒರೆಸಿದಳು.

“ನಮ್ಮ ಹಳೇ ಊರು ಮರಾಶ್‌ನಿಂದ ನಮ್ಮೋರೆಲ್ಲ ಜೀವ ಉಳಿಸ್ಕೊಳ್ಳೋಕೆ ಮನೆ ಬಿಟ್ಟು ಓಡಿದಾಗ ನಮ್ಮಮ್ಮ ನಿನ್ನಷ್ಟೇ ಇದ್ಳು. ಅವಳಮ್ಮ ಪಾತ್ರೆ ಕೊಟ್ಟಿದ್ದು ಇವಳ ತಮ್ಮ ಓನ್ನಿಗ್‌ನ ಕೈಗೆ, ಮುಚ್ಚಳ ಇವಳ ಕೈಗೆ. ‘ಒಬ್ಬರನ್ನೊಬ್ಬರು ಬಿಟ್ಟುಹೋಗ್ಬೇಡಿ, ಆಮೇಲೆ ಅಡುಗೆ ಆಗಲ್ಲ’ ಅಂದ್ಳಂತೆ. ದಾರೀಲಿ ಜನ ನುಗ್ಗಿದ್ರು. ತಮ್ಮ ಕೈ ತಪ್ಪಿಹೋದ. ಇವಳು ಸಾಯೋ ತನಕ ಹುಡುಕಿದ್ಳು.”

“ಆದ್ರೆ ನೇನೆ, ಅವ್ರು ಈಗ ಇರಲ್ವಲ್ಲ?”

“ಅವನು ಹೋಗಿರ್ತಾನೆ ಕಣೇ. ಮಕ್ಳು ಮೊಮ್ಮಕ್ಳು ಇರಬಹುದಲ್ಲ? ತಾಮ್ರದ ಪಾತ್ರೆ ಎಲ್ಲಿ ಹೋಗತ್ತೆ? ಯಾರ ಮನೇಲೋ, ಮೇಲೊಂದು ತಟ್ಟೆ ಮುಚ್ಕೊಂಡು ಕುದೀತಿರತ್ತೆ.”

ಮಾರಾಲ್ ಬಗ್ಗಿ ಲೇಸ್ ಕಟ್ಟಿಕೊಂಡಳು. ಇಬ್ಬರೂ ಚರ್ಚಿಗೆ ನಡೆದರು.

ಸಾಲು ಗೇಟಿನವರೆಗೆ ಬಂದಿತ್ತು. ಎದುರಿಗೇ ಗರೀನ್, ಪಕ್ಕದಲ್ಲಿ ಅವಳಮ್ಮ, ಕೈಯಲ್ಲಿ ದೊಡ್ಡ ಪಾತ್ರೆ. ಗರೀನ್ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನೇನೆ ಮೊಮ್ಮಗಳ ಮುಖ ನೋಡಿ, ಮುಚ್ಚಳವನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದಳು.

“ಇವತ್ತು ಬೇಡ ಬಿಡು. ಯಾಕೋ ಕಾಲು ನೋಯ್ತಿದೆ.”

ನೇನೆಯ ಕಾಲು ಎಂದೂ ನೋಯುವುದಿಲ್ಲ. ಅದು ಮಾರಾಲಳಿಗೆ ಚೆನ್ನಾಗಿ ಗೊತ್ತು.

ಅವಳು ಚೀಲಕ್ಕೆ ಕೈ ಹಾಕಿ ಮುಚ್ಚಳ ತೆಗೆದಳು. ಕಿವಿಗಳು ಬಿಸಿಯಾದವು.

“ಆಂಟಿ, ನಿಮ್ಮ ಪಾತ್ರೆ ಸ್ವಲ್ಪ ಹಿಡೀತೀರಾ?”

ಗರೀನ್ ಕಿಸಕ್ಕೆಂದಳು. ಮುಚ್ಚಳ ಪಾತ್ರೆಯೊಳಗೇ ಬಿದ್ದುಹೋಯಿತು.

“ಊಹೂಂ, ದೊಡ್ಡದಾಯ್ತು,” ಎಂದು ಮಾರಾಲ್ ಅದನ್ನು ಎತ್ತಿಕೊಂಡು ಮುಂದಿನ ಪಾತ್ರೆಯ ಹತ್ತಿರ ಹೋದಳು.