ಸೋಮವಾರ ಹೊಟ್ಟೆ ತುಂಬುವ ಬ್ಯಾಟರಿ

ಗುರುವಾರ ಸಂಜೆ ನಾಲ್ಕೂವರೆಗೆ ಹಂಚಿನಕೆರೆಯ ನಟ್ಟನಡುವೆ ದೋಣಿ ನಿಂತಿತು. ಶಾಲೆಯಿಂದ ಮನೆಗೆ ಹೊರಟ ಹನ್ನೊಂದು ಮಕ್ಕಳು, ಆಚೆ ದಡದ ಬಾಣಂತಿಯನ್ನು ನೋಡಲು ಹೊರಟ ನರ್ಸ್ ಸುನಿತಾ, ದೋಣಿ ನಡೆಸುವ ಯತೀಶ. ಸೋಲಾರ್ ಬ್ಯಾಟರಿ ಖಾಲಿ.

ಯತೀಶ ಹುಟ್ಟು ಹಾಕಿ ದಡ ಮುಟ್ಟಿಸುವಷ್ಟರಲ್ಲಿ ಅವನ ಅಂಗಿ ಒದ್ದೆ. ದೋಣಿ ಸಮಿತಿಯ ಅಧ್ಯಕ್ಷ ಮಹೇಶ್ವರಪ್ಪ ಅಲ್ಲೇ ಕಾದಿದ್ದರು.

"ದಿನವಿಡೀ ಬಿಸಿಲಿತ್ತಲ್ಲೋ! ಚಾರ್ಜ್ ಎಲ್ಲಿ ಹೋಯ್ತು? ನಿಮ್ಮ ಕುರಿಹಟ್ಟಿ ಲೈಟಿಗಾ?"

"ಇಲ್ರೀ, ತಾಯಾಣೆ..."

"ಕಳ್ಳನ ಆಣೆ ಯಾರಿಗೆ ಬೇಕು? ನಾಳೆ ಸಂಜೆಯೊಳಗೆ ಒಪ್ಕ. ಇಲ್ದಿದ್ರೆ ಕೆಲಸ ಬಿಡು. ಸ್ಟೇಷನ್ನಿಗೂ ಬರ್ದು ಕೊಡ್ತೀನಿ."

ಮಕ್ಕಳು ನೋಡುತ್ತಲೇ ಇದ್ದರು. ಯತೀಶ ತಲೆ ತಗ್ಗಿಸಿದ. ಸುನಿತಾಗೆ ಮೈಯೆಲ್ಲ ಉರಿಯಿತು. ಕಳ್ಳನೆಂಬ ಹೆಸರು ಹತ್ತಲು ಒಂದು ಮಾತು ಸಾಕು. ಅದನ್ನು ತೊಳೆಯಲು ಕೆರೆಯ ನೀರೆಲ್ಲ ಸಾಲದು.

* * *

ಸುನಿತಾಗೆ ಒಂದು ಚಟ. ಜ್ವರ ಎಂದವರಿಗೆ ಮಾತ್ರೆ ಕೊಡುವ ಮೊದಲು ಹತ್ತು ಪ್ರಶ್ನೆ ಕೇಳುತ್ತಾಳೆ. ಬ್ಯಾಟರಿಯೂ ಅವಳಿಗೆ ಇನ್ನೊಬ್ಬ ರೋಗಿ, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಮೊದಲು ಹೋದದ್ದು ಕುರಿಹಟ್ಟಿಗೆ. ಯತೀಶನ ಅಪ್ಪ ಸಣ್ಣಬೀರಪ್ಪ ಚಪ್ಪರದ ಮೇಲೆ ಕೈ ತೋರಿಸಿದ. ಅಲ್ಲಿ ಅವರದೇ ಪುಟ್ಟ ಪ್ಯಾನೆಲ್, ಪುಟ್ಟ ದೀಪ. ದೋಣಿಯ ಲಿಥಿಯಂ ಬ್ಯಾಟರಿಗೆ ಹೊಂದುವ ಒಂದು ತಂತಿಯೂ ಇರಲಿಲ್ಲ.

"ನಮ್ಮ ಲೈಟಿಗೆ ನಮ್ಮ ಬಿಸಿಲೇ ಸಾಕ್ರೀ ಸಿಸ್ಟರ್" ಅಂದ ಮುದುಕ.

ಅಲ್ಲಿಂದ ಶಾಲೆಯ ದಡಕ್ಕೆ. ಯತೀಶ ಹುಟ್ಟು ಹಾಕಿಯೇ ಮಕ್ಕಳನ್ನು ದಾಟಿಸಿ, ದೋಣಿ ಕಟ್ಟಿ ಕೂತಿದ್ದ. ಚಾವಣಿಯ ಪ್ಯಾನೆಲ್ ತುಂಬ ಬೆಳ್ಳಕ್ಕಿಗಳ ಹಿಕ್ಕೆ. ಇಬ್ಬರೂ ಸೇರಿ ಉಜ್ಜಿ ತೊಳೆದರು. ಬಿಸಿಲು ಫಳಫಳ ಹೊಳೆಯುತ್ತಿತ್ತು. ಚಾರ್ಜಿಂಗ್ ದೀಪ ಮಾತ್ರ ಕೆಂಪಗೇ ಇತ್ತು. ಕೆಂಪು ಅಂದರೆ ಬ್ಯಾಟರಿ ಚಾರ್ಜ್ ತಗೊಳ್ಳುತ್ತಿಲ್ಲ.

"ಈ ಕಾಟ ಯಾವಾಗಿಂದ?"

"ಚಳಿ ಶುರುವಾದ ಮೇಲೆ ಸಿಸ್ಟರ್. ಮಧ್ಯಾಹ್ನ ಎರಡರ ತನಕ ಹಿಂಗೇ. ಆಮೇಲೆ ಒಂಚೂರು ತಗಂತದೆ."

"ದಿನಾನೂ?"

ಯತೀಶ ಬೆರಳು ಮಡಚಿದ. "ಸೋಮವಾರ, ಶನಿವಾರ ಬಿಟ್ಟು. ಆ ಎರಡು ದಿನ ಬೆಳಿಗ್ಗೆಯಿಂದಲೇ ಹಸಿರು ದೀಪ."

ಊರವರು ಸೋಮವಾರ ಒಪ್ಪೊತ್ತು ಇರುತ್ತಾರೆ. ಈ ಬ್ಯಾಟರಿ ಸೋಮವಾರವೇ ಹೊಟ್ಟೆ ತುಂಬ ಉಣ್ಣುತ್ತದೆ! ಸುನಿತಾ ನಗಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು.

"ಯತೀಶ, ಸೋಮವಾರ, ಶನಿವಾರ ಈ ದಡದಲ್ಲಿ ಎಂಥ ಇರಲ್ಲ?"

"ಎಂಥ ಇರಲ್ಲ ಅಂದ್ರೆ? ಮೀನು ವ್ಯಾಪಾರ ಇರಲ್ಲ. ತಿನ್ನೋರೇ ಇಲ್ವಲ್ಲ."

"ಬ್ಯಾಟರಿ ಪೆಟ್ಟಿಗೆ ತೆಗಿ."

ಸೀಟಿನ ಕೆಳಗಿನ ಮರದ ಪೆಟ್ಟಿಗೆ ತೆರೆದುಕೊಂಡಿತು. ಒಳಗೆ ಭತ್ತದ ಹೊಟ್ಟು. ಹೊಟ್ಟಿನ ನಡುವೆ, ಬ್ಯಾಟರಿಯ ನಾಲ್ಕೂ ಮಗ್ಗುಲಿಗೆ ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲಗಳು. ಸುನಿತಾ ಲಸಿಕೆ ಡಬ್ಬಿಯ ಥರ್ಮಾಮೀಟರ್ ಇಟ್ಟಳು. ಮೂರು ಡಿಗ್ರಿ.

* * *

ಹನ್ನೊಂದಕ್ಕೆ ಮಹೇಶ್ವರಪ್ಪ ಬೈಕಿನಲ್ಲಿ ಬಂದರು. ಮೀನು ಮಾರುವ ಲೋಕಮ್ಮನನ್ನೂ ಸುನಿತಾ ಕರೆಸಿದ್ದಳು. ಹೊರಗೆ ತೆಗೆದಿಟ್ಟ ಚೀಲಗಳನ್ನು ಕಂಡದ್ದೇ ಲೋಕಮ್ಮ ಗಾಬರಿಯಾದಳು.

"ಅಯ್ಯೋ, ಐಸು ಯಾಕೆ ತೆಗೆದ್ರಿ? ಬ್ಯಾಟರಿಗೆ ಹೀಟ್ ಆಗ್ತದೆ!"

"ಅಜ್ಜಿ, ಇಟ್ಟಿದ್ದು ನೀವೇನಾ?"

"ನಾನೇ ಕಣಮ್ಮ. ಬೇಸಿಗೇಲಿ ಶಿಕಾರಿಪುರದ ಮೆಕ್ಯಾನಿಕ್ ಹೇಳಿದ್ದ, ಇದಕ್ಕೆ ಹೀಟ್ ಆಗಬಾರದು, ತಂಪಲ್ಲಿರಬೇಕು ಅಂತ. ಯತೀಶನಿಗೆ ಉಣ್ಣಕ್ಕೇ ಪುರಸತ್ತಿಲ್ಲ. ದಿನಾ ಅವನು ತಿಂಡಿಗೆ ಹೋದಾಗ, ಮೀನಿನ ಐಸಿನಲ್ಲಿ ಒಂದು ಪಾಲು ಇದಕ್ಕೂ ಇಟ್ಟು ಹೋಗ್ತಿದ್ದೆ. ಮನುಷ್ಯರಿಗೆ ಹೀಟ್ ಆದ್ರೆ ಎಳನೀರು ಕೊಡಲ್ವಾ?"

ಮಹೇಶ್ವರಪ್ಪ ಬಾಯಿ ತೆರೆದರು. ಸುನಿತಾ ಬಿಡಲಿಲ್ಲ.

"ಮೊದಲು ಕೇಳ್ರೀ. ಲಿಥಿಯಂ ಬ್ಯಾಟರಿ ತೀರಾ ತಣ್ಣಗಿದ್ದಾಗ ಚಾರ್ಜ್ ಮಾಡಿದ್ರೆ ಹಾಳಾಗ್ತದೆ. ಅದಕ್ಕೇ ಒಳಗೊಂದು ಕಾವಲು ಸರ್ಕ್ಯೂಟ್ ಇದೆ. ಲೇಬಲ್ ಓದಿ. ಐದು ಡಿಗ್ರಿಗಿಂತ ಕೆಳಗೆ ಕರೆಂಟ್ ಒಳಗೆ ಬಿಡಲ್ಲ, ಹೊರಗೆ ಮಾತ್ರ ಬಿಡ್ತದೆ. ಬೇಸಿಗೇಲಿ ಐಸು ಬೇಗ ಕರಗ್ತಿತ್ತು, ತೊಂದರೆ ಆಗಲಿಲ್ಲ. ಈಗ ಬೆಳಗಿನ ಚಳಿ. ಮೇಲೆ ಈ ಹೊಟ್ಟು."

"ಐಸು ತಾಳಲಿ ಅಂತ ಸುಗ್ಗಿ ಆದ್ಮೇಲೆ ನಾನೇ ಮಿಲ್ಲಿಂದ ತಂದೆ" ಎಂದು ಲೋಕಮ್ಮ ಸಣ್ಣ ದನಿಯಲ್ಲಿ ಒಪ್ಪಿಕೊಂಡಳು.

"ಹಂಗಾಗಿ ಮಧ್ಯಾಹ್ನದವರೆಗಿನ ಬಿಸಿಲೆಲ್ಲ ದಂಡ. ಸೋಮವಾರ ತುಂಬಿದ್ದು ಗುರುವಾರಕ್ಕೆ ಮುಗೀತು. ನಮ್ಮ ಲಸಿಕೆಯೂ ಹೀಗೇ. ತಂಪಿರಬೇಕು, ಐಸಿಗೆ ಅಂಟಬಾರದು. ಚಾರ್ಜ್ ಯಾರೂ ಕದೀಲಿಲ್ಲ. ಅದು ಒಳಗೇ ಬರಲಿಲ್ಲ."

ಪೆಟ್ಟಿಗೆಯನ್ನು ಖಾಲಿ ಮಾಡಿ ಗಾಳಿಗೆ ತೆರೆದಿಟ್ಟರು. ಹನ್ನೆರಡೂಮುಕ್ಕಾಲಿಗೆ ದೀಪ ಹಸಿರಾಯಿತು.

ಲೋಕಮ್ಮ ಯತೀಶನ ಕೈ ಹಿಡಿದು ಅತ್ತಳು. "ಒಳ್ಳೇದು ಮಾಡಕ್ಕೆ ಹೋಗಿ ನಿನ್ನ ಕಳ್ಳನ್ನ ಮಾಡ್ದೆ ಮಗಾ."

"ಬಿಡಜ್ಜಿ. ಬ್ಯಾಟರೀನ ನನಗಿಂತ ಚೆನ್ನಾಗಿ ನೋಡ್ಕಂಡಿದೀಯ" ಅಂದ ಯತೀಶ.

* * *

ನಾಲ್ಕಕ್ಕೆ ಶಾಲೆ ಬಿಟ್ಟಿತು. ಬ್ಯಾಟರಿ ಅರ್ಧ ತುಂಬಿತ್ತು. ಎರಡು ಸಲ ದಾಟಲು ಧಾರಾಳ ಸಾಕು.

"ಆಯ್ತಲ್ಲ, ದೋಣಿ ತೆಗಿ" ಅಂದರು ಮಹೇಶ್ವರಪ್ಪ.

ಯತೀಶ ಕದಲಲಿಲ್ಲ. "ನಿನ್ನೆ ಈ ಮಕ್ಕಳ ಮುಂದೇ ಕಳ್ಳ ಅಂದ್ರಿ."

ಮಹೇಶ್ವರಪ್ಪ ಕೆಮ್ಮಿದರು. ಹೆಗಲ ಟವೆಲ್ ಕೈಗೆ ತೆಗೆದುಕೊಂಡರು. ದೊಡ್ಡ ಮನುಷ್ಯರಿಗೆ ಸಣ್ಣ ಮಾತು ಬಹಳ ಭಾರ. ಆದರೂ ಎತ್ತಿದರು.

"ಮಕ್ಕಳೇ, ಯತೀಶ ಕಳ್ಳ ಅಲ್ಲ. ತಪ್ಪು ನಂದು."

ಏಳನೇ ಕ್ಲಾಸಿನ ನಾಗಶ್ರೀ ಆಗಲೇ ದೋಣಿಯೊಳಗೆ ಕಾಲಿಟ್ಟಿದ್ದಳು.

"ನಮಗೆ ನಿನ್ನೇನೇ ಗೊತ್ತಿತ್ತು" ಅಂದಳು.