ಟಾರ್ಚ್ ಸಿಸ್ಟರ್ ಇಟ್ಟ ಹತ್ತು ಚುಕ್ಕೆ

“ಏಳು... ಎಂಟು... ಒಂಬತ್ತು...”

ಚೂಟಿ ಗಾಜಿಗೆ ಮೂಗು ಒತ್ತಿಕೊಂಡು ಎಣಿಸುತ್ತಿದ್ದಳು. ಒಳಗೆ, ಆಸ್ಪತ್ರೆಯ ಖಾಲಿ ಕೋಣೆಯಲ್ಲಿ, ಟಾರ್ಚ್ ಸಿಸ್ಟರ್ ಪುಟ್ಟ ಟ್ಯೂಬ್ ಹಿಡಿದು ಓಡಾಡುತ್ತಿದ್ದರು. ಮಂಚದ ಸರಳಿಗೆ ಒಂದು ಚುಕ್ಕೆ. ಸ್ವಿಚ್ಚಿಗೆ ಒಂದು. ಬಾಗಿಲ ಹಿಡಿಗೆ ಒಂದು. ಕೊನೆಗೆ ಬಗ್ಗಿ, ಊಟದ ಮೇಜಿನ ಅಡಿಗೆ ಒಂದು. ಅಲ್ಲಿಗೆ ಹತ್ತು.

ಚುಕ್ಕೆ ಅಂದರೆ ನೀರಿನಂಥ ಜೆಲ್. ಬರಿಗಣ್ಣಿಗೆ ಕಾಣುವುದಿಲ್ಲ. ಕೋಣೆ ಕ್ಲೀನ್ ಆದ ಮೇಲೆ ಸಿಸ್ಟರ್ ಲೈಟ್ ಆರಿಸಿ ನೀಲಿ ಟಾರ್ಚ್ ಹಾಕುತ್ತಾರೆ. ಒರೆಸದೆ ಬಿಟ್ಟ ಚುಕ್ಕೆ ಹಸಿರಾಗಿ ಫಳಫಳ ಹೊಳೆಯುತ್ತದೆ. ಕ್ಲೀನ್ ಮಾಡಿದವರ ಬಂಡವಾಳ ಬಯಲಾಗುತ್ತದೆ.

ಇವತ್ತು ಕ್ಲೀನ್ ಮಾಡುವವನು ಬೇರೆ ಯಾರೂ ಅಲ್ಲ, ಚೂಟಿಯ ಅಪ್ಪ.

ಹೋದ ತಿಂಗಳು ಗಡಿಬಿಡಿಯಲ್ಲಿ ಅಪ್ಪನಿಗೆ ಬಂದಿದ್ದು ಹತ್ತಕ್ಕೆ ಆರು. “ಈ ಸಲ ಎಂಟಾದರೂ ಬರದಿದ್ದರೆ ನಿನ್ನನ್ನು ಲಾಂಡ್ರಿಗೆ ಹಾಕ್ತೀನಿ” ಅಂದಿದ್ದರು ಸೂಪರ್‌ವೈಸರ್. ಲಾಂಡ್ರಿ ಅಂದರೆ ಮಧ್ಯಾಹ್ನ ಹೋದವನು ಚೂಟಿ ಮಲಗಿದ ಮೇಲೆ ಬರಬೇಕು. ಸ್ಕೂಲ್ ಬಿಟ್ಟ ಮೇಲೆ ಇಲ್ಲಿ ಬೆಂಚಿನ ಮೇಲೆ ಕೂತು ಹೋಮ್‌ವರ್ಕ್ ಮಾಡುವುದು, ಐದಕ್ಕೆ ಇಬ್ಬರೂ ಹರಟುತ್ತಾ ಮನೆಗೆ ನಡೆಯುವುದು, ಎಲ್ಲಕ್ಕೂ ಕಲ್ಲು ಬೀಳುತ್ತಿತ್ತು.

ಸಿಸ್ಟರ್ ಹೊರಗೆ ಬಂದವರೇ ಅವಳ ಮೂಗಿನ ಅಚ್ಚು ಗಾಜಿನ ಮೇಲೆ ನೋಡಿದರು. “ಎಲ್ಲಾ ನೋಡಿಬಿಟ್ಟೆಯಾ? ಅಪ್ಪನಿಗೆ ಹೇಳಿದರೆ ಜೋಕೆ.”

“ನಾನ್ಯಾಕೆ ಹೇಳಲಿ ಸಿಸ್ಟರ್?” ಅಂದಳು ಚೂಟಿ. ಅವಳಂಥ ಬಾಯಿಬಡುಕಿಗೆ ಅದು ಎಷ್ಟು ಕಷ್ಟ ಅಂತ ಅವಳಿಗೇ ಗೊತ್ತು.

ಅಪ್ಪ ಮಾಸ್ಕು, ಗ್ಲೌಸು ಹಾಕಿಕೊಂಡು ಬಕೆಟ್ ತಳ್ಳಿಕೊಂಡು ಬಂದ. ಒಳಗೆ ಹೋದವನೇ ಮೊದಲು ಕಿಟಕಿ ತೆಗೆದ. ಬೆಳಿಗ್ಗೆವರೆಗೆ ಅಲ್ಲಿ ಜ್ವರ, ಕೆಮ್ಮಿನ ಹುಡುಗನೊಬ್ಬನಿದ್ದ. “ಮೂರು ದಿನ ಕೆಮ್ಮಿದ್ದಾನೆ. ಗಾಳಿಗೂ ಸ್ನಾನ ಆಗಬೇಕಲ್ಲ” ಅಂತ ಅಪ್ಪ ಬಾಗಿಲು ಮುಚ್ಚಿಕೊಂಡ.

ಚೂಟಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸರಳು ಆಯಿತು. ಸ್ವಿಚ್ಚು ಆಯಿತು. ಬಾಗಿಲ ಹಿಡಿ ಆಯಿತು. ಮೇಜಿನ ಮೇಲೆ ಅಪ್ಪ ಚೆನ್ನಾಗಿ ಉಜ್ಜಿದ. ಅಡಿಗೆ ಮಾತ್ರ ಕೈ ಹಾಕಲೇ ಇಲ್ಲ. ಹೇಳುವ ಹಾಗಿಲ್ಲವಲ್ಲ ಅಂತ ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಅಪ್ಪ ಕೊಳೆ ನೀರು ಚೆಲ್ಲಲು ಹೋದ.

ಒಂಬತ್ತು ಬಂದರೂ ಸಾಕಿತ್ತು. ಆದರೆ ಗಾಜಿನಾಚೆಯಿಂದ ಎಲ್ಲಾ ಸರಿಯಾಗಿ ಕಂಡಿದೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ? ಚೂಟಿ ನೀರಿನ ಬಾಟಲಿಯಿಂದ ಕರ್ಚೀಫ್ ಒದ್ದೆ ಮಾಡಿಕೊಂಡು ಸರಕ್ಕನೆ ಒಳಗೆ ನುಗ್ಗಿದಳು. ಮೇಜಿನ ಅಡಿ ಉಜ್ಜಿದಳು. ಬಂದದ್ದು ಬಂದಾಗಿದೆ, ಉಳಿದದ್ದೂ ಒಂದು ಕೈ ನೋಡೇಬಿಡೋಣ ಅಂತ ಅದೇ ಕರ್ಚೀಫಿನಲ್ಲಿ ಸರಳು, ಸ್ವಿಚ್ಚು, ಕುರ್ಚಿ, ನಲ್ಲಿ, ಬಾಗಿಲ ಹಿಡಿ ಎಲ್ಲಾ ಒರೆಸಿದಳು. ಬೆವರಿದ್ದ ಮೂಗನ್ನೂ ಒರೆಸಿಕೊಂಡಳು. ಅಪ್ಪ ಬರುವಷ್ಟರಲ್ಲಿ ಬೆಂಚಿನ ಮೇಲೆ ಕೂತು, ಏನೂ ಗೊತ್ತಿಲ್ಲದವಳ ಹಾಗೆ ಅವನ ತೋಳು ಹಿಡಿದು ನಕ್ಕಳು.

ಸಿಸ್ಟರ್ ಪರದೆ ಎಳೆದು, ಲೈಟ್ ಆರಿಸಿ ಟಾರ್ಚ್ ಹಾಕಿದರು.

“ಇದೇನ್ರೀ ಇದು?”

ಬಾಗಿಲಲ್ಲಿ ನಿಂತ ಚೂಟಿ ಒಳಗೆ ಇಣುಕಿದಳು. ಸರಳು ಹಸಿರು. ಸ್ವಿಚ್ಚು ಹಸಿರು. ಕುರ್ಚಿ, ನಲ್ಲಿ, ಬಾಗಿಲ ಹಿಡಿ, ಎಲ್ಲಿ ನೋಡಿದರೂ ಹಸಿರು ಗೆರೆ, ಹಸಿರು ಬೆರಳು.

“ನಾನು ಒರೆಸಿದ್ದೆ ಸಿಸ್ಟರ್,” ಅಂದ ಅಪ್ಪ.

ಸಿಸ್ಟರ್ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಚೂಟಿ ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅಪ್ಪನ ಮುಖ ನೋಡಲು ಅವಳಿಂದ ಆಗಲಿಲ್ಲ.

“ಬರೀಬೇಡಿ ಸಿಸ್ಟರ್. ನಾನು ಒಳಗೆ ಹೋಗಿದ್ದೆ. ಅಪ್ಪ ಬಿಟ್ಟಿದ್ದು ಮೇಜಿನ ಅಡಿಯದ್ದು ಒಂದೇ. ಅದನ್ನು ಒರೆಸಿ, ಅದೇ ಕರ್ಚೀಫಲ್ಲಿ...” ಮುಂದಿನದು ಅಳುವಿನಲ್ಲಿ ಹೋಯಿತು.

ಸಿಸ್ಟರ್ ಟಾರ್ಚನ್ನು ಅವಳ ಕಡೆ ತಿರುಗಿಸಿದರು. ಎರಡೂ ಅಂಗೈ ಹಸಿರು. ಮೂಗಿನ ತುದಿ, ಮೇಲ್ದುಟಿ, ನೀರಿನ ಬಾಟಲಿ ಹಸಿರು. ಅಪ್ಪನ ತೋಳಿನ ಮೇಲೆ ಪುಟ್ಟ ಪುಟ್ಟ ಐದು ಬೆರಳು.

“ಒಂದೇ ಒಂದು ಚುಕ್ಕೆ ಎಲ್ಲೆಲ್ಲಿ ಹೋಗಿದೆ ನೋಡು,” ಅಂದರು ಸಿಸ್ಟರ್. “ಪುಣ್ಯಕ್ಕೆ ಜೆಲ್ಲು. ವೈರಸ್ಸೂ ಹೀಗೇ ಹಬ್ಬುತ್ತೆ. ಟಾರ್ಚ್ ಹಾಕಿದರೂ ಕಾಣಲ್ಲ, ಅಷ್ಟೇ. ಹೋಗು, ಸೋಪು ಹಾಕಿ ಕೈಮುಖ ತೊಳಿ. ಹೊಳೆಯೋದು ನಿಲ್ಲೋವರೆಗೂ ತೊಳಿ.”

ಮೂರು ಸಲ ತೊಳೆಯಬೇಕಾಯಿತು. ಉಗುರಿನ ಸಂದಿಯದು ಹೋಗಲು ಇನ್ನೂ ಒಂದು ಸಲ.

ಅಪ್ಪ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಬೇರೆ ಅಂಗಿ ಹಾಕಿಕೊಂಡು ಹೊಸ ನೀರು ತಂದ. ಕೋಣೆಯನ್ನೆಲ್ಲ ಒಮ್ಮೆ ಒರೆಸಿದ. ಸಿಸ್ಟರ್ ಬೇರೆ ಹತ್ತು ಕಡೆ ಚುಕ್ಕೆ ಇಟ್ಟರು. ಅಪ್ಪ ಮತ್ತೆ ಮೊದಲಿನಿಂದ ಶುರು ಮಾಡಿದ.

ಅಷ್ಟರಲ್ಲಿ ಬೆಂಚಿಗೆ ಒಬ್ಬ ತಾಯಿ ಬಂದು ಕೂತರು. ತೊಡೆಯ ಮೇಲೆ ಒಂದೂವರೆ ವರ್ಷದ ಮಗು. ಜ್ವರಕ್ಕೆ ಅದರ ಕೆನ್ನೆ ಕೆಂಪಗಾಗಿತ್ತು.

“ಕೋಣೆ ಇನ್ನೂ ಎಷ್ಟು ಹೊತ್ತಾಗುತ್ತಮ್ಮಾ?” ಅಂತ ಆ ತಾಯಿ ಚೂಟಿಯನ್ನೇ ಕೇಳಿದರು.

ಚೂಟಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. “ಇನ್ನು ಸ್ವಲ್ಪ ಹೊತ್ತು ಆಂಟಿ. ತಡ ಆಗಿದ್ದು ನನ್ನಿಂದ,” ಅಂದು ಬೆಂಚಿನಿಂದ ಎದ್ದು ನಿಂತಳು.

ಸಿಸ್ಟರ್ ಮತ್ತೆ ಲೈಟ್ ಆರಿಸಿದರು. ಈ ಸಲ ಹಸಿರು ಕಂಡದ್ದು ಒಂದೇ ಕಡೆ. ಮಂಚದ ಪಕ್ಕ ವೈರಿನಲ್ಲಿ ನೇತಾಡುವ, ನರ್ಸನ್ನು ಕರೆಯುವ ಬೆಲ್ಲಿನ ಗುಂಡಿಯ ಮೇಲೆ.

“ಹತ್ತಕ್ಕೆ ಒಂಬತ್ತು. ಪಾಸ್ ಕಣಪ್ಪಾ,” ಅಂತ ಸಿಸ್ಟರ್ ಬರೆದುಕೊಂಡು, ಟಾರ್ಚ್ ಜೇಬಿಗಿಳಿಸಿ ಹೊರಟರು.

ಚೂಟಿ ನಿಂತಲ್ಲೇ ಎರಡು ಸಲ ಹಾರಿದಳು. ಲಾಂಡ್ರಿ ತಪ್ಪಿತು! ಗಣಿತದಲ್ಲಿ ಹತ್ತಕ್ಕೆ ಒಂಬತ್ತು ಬಂದ ದಿನ ಅವಳು ಓಣಿ ತುಂಬಾ ಡಂಗುರ ಸಾರಿದ್ದಳು. ಆರೂಕಾಲು ಆಗಿತ್ತು. “ಅಪ್ಪಾ, ಹೋಗೋಣ ಬಾ.”

“ಒಂದ್ನಿಮಿಷ,” ಅಂದ ಅಪ್ಪ. ಹೊಸ ಬಟ್ಟೆ ಒಂದನ್ನು ನೆನೆಸಿಕೊಂಡು ಮತ್ತೆ ಒಳಗೆ ಹೋದ. ಬೆಲ್ಲಿನ ಗುಂಡಿ, ಅದರ ಸಂದಿ, ಅದರ ವೈರು, ತುದಿಯವರೆಗೂ ಒರೆಸಿದ. ಟಾರ್ಚ್ ಹಾಕಿ ನೋಡಲು ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ತಾಯಿ, ಮಗು ಒಳಗೆ ಹೋದರು. ಮಗು ಮಂಚದ ಮೇಲೆ ಕೂತು ಸುತ್ತ ಒಮ್ಮೆ ನೋಡಿತು. ನೇತಾಡುವ ವೈರು ಕಂಡಿತು. ಎಳೆದುಕೊಂಡು ಬೆಲ್ಲಿನ ಗುಂಡಿಯನ್ನು ಸೀದಾ ಬಾಯಿಗಿಟ್ಟು ಚೀಪತೊಡಗಿತು.

ಚೂಟಿ ಅಪ್ಪನನ್ನು ನೋಡಿದಳು. ಅಪ್ಪ ಬಕೆಟ್ ತೊಳೆದು ಬೋರಲು ಹಾಕುತ್ತಿದ್ದ.

ದಾರಿಯುದ್ದಕ್ಕೂ ಅವಳು ಹೆಚ್ಚು ಮಾತಾಡಲಿಲ್ಲ. ಹುಷಾರಿದ್ದೀಯಾ ಅಂತ ಅಪ್ಪ ಹಣೆ ಮುಟ್ಟಿ ನೋಡಿದ.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಎಷ್ಟು ಬಂತು?”

“ಒಂಬತ್ತು,” ಅಂದ ಅಪ್ಪ, ಚಪ್ಪಲಿ ಬಿಡುತ್ತಾ.

“ಹತ್ತು ಕಣಮ್ಮ,” ಅಂದಳು ಚೂಟಿ. “ಇನ್ನೊಂದು ಬಂದಿದ್ದು ಸಿಸ್ಟರ್ ಬರೆದುಕೊಂಡು ಹೋದ ಮೇಲೆ.”